ದೊಡ್ಡ ಬೆಳ್ಳಿಗೆ ಇಟ್ಟ ಅಕ್ಕಿ

ಗಂಜಿ ತಳ ಹಿಡಿದರೆ ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತದೆ. ಈ ವರ್ಷದ ಶುಭ ಶುಕ್ರವಾರ ಮೈಸೂರಿನ ನಮ್ಮ ಚರ್ಚಿನ ಹಿತ್ತಲಲ್ಲಿ ಯುವಕರು ಗಂಜಿಗೆ ಇಟ್ಟಿದ್ದರು. ಸೌಟಿನ ಹತ್ತಿರ ಒಬ್ಬನೂ ಇರಲಿಲ್ಲ. ಎಲ್ಲರೂ ಮುಂಬಾಗಿಲಿಗೆ ಕಪ್ಪು ಬಟ್ಟೆಯನ್ನು ಸುಕ್ಕಿಲ್ಲದಂತೆ ಕಟ್ಟುವುದರಲ್ಲಿದ್ದರು. ನಾನು ಹಾಸ್ಟೆಲ್ ವಾರ್ಡನ್ ಆಗಿ ನಿವೃತ್ತಳಾದವಳು. ಉರಿಯುವ ಒಲೆ ಬಿಟ್ಟು ಹೋದವರನ್ನು ಸುಮ್ಮನೆ ಬಿಟ್ಟ ಅಭ್ಯಾಸವಿಲ್ಲ. ಬೈಯಲೆಂದೇ ಹಿತ್ತಲಿಗೆ ಹೋದೆ. ಹೋದವಳು ಪಾತ್ರೆಯ ಮುಂದೆ ನಿಂತುಬಿಟ್ಟೆ. ಸೀದ ಅಕ್ಕಿಯ ವಾಸನೆ ಬಂತು, ಹೊಗೆ ಬಂತು, ಅವುಗಳ ಹಿಂದೆಯೇ, ಮೈಸೂರಿನಲ್ಲಿ ಇರಲು ಸಾಧ್ಯವೇ ಇಲ್ಲದ ಕಾಫಿ ಹೂವಿನ ವಾಸನೆಯೂ ಬಂತು. ಬೈಯುವುದನ್ನು ಬಿಟ್ಟು ಸೌಟು ಎತ್ತಿಕೊಂಡೆ.

ಕೊಡಗು ಆಗ ಬೇರೆಯೇ ರಾಜ್ಯ. ಮೈಸೂರಿನಿಂದ ಹೊರಟರೆ ಕಾಡಿನ ನಡುವೆ ಆನೆಚೌಕೂರಿನ ಗೇಟಿನಲ್ಲಿ ಬಸ್ಸು ನಿಲ್ಲುತ್ತಿತ್ತು. ಪೊಲೀಸಿನವರು ಗಂಟುಮೂಟೆ ಬಿಚ್ಚಿಸಿ ನೋಡುತ್ತಿದ್ದರು. ಅಕ್ಕಿಗೆ ಕಂಟ್ರೋಲು ಇದ್ದ ಕಾಲ. ಒಂದು ರಾಜ್ಯದ ಅಕ್ಕಿ ಇನ್ನೊಂದು ರಾಜ್ಯಕ್ಕೆ ದಾಟುವಂತಿರಲಿಲ್ಲ. ನಾನು ಕನ್ಯಾಸ್ತ್ರೀಯರ ಬೋರ್ಡಿಂಗ್ ಶಾಲೆಯಲ್ಲಿದ್ದೆ. ಏಳುವುದಕ್ಕೊಂದು ಗಂಟೆ, ಮೊಣಕಾಲೂರುವುದಕ್ಕೊಂದು ಗಂಟೆ, ತಲೆ ಬಾಚುವುದಕ್ಕೂ ಒಂದು ಗಂಟೆ. ಆ ವರ್ಷ ಹಾಸ್ಟೆಲಿಗೆ ಸೀತಾಳ ಸಿಡುಬು ಬಂದು ನಮ್ಮನ್ನೆಲ್ಲ ಮನೆಗೆ ಕಳಿಸಿದರು. ಅಪ್ಪ ಬಂದು ಕರೆದುಕೊಂಡು ಹೋದರು. ಹೀಗೆ, ಪರೀಕ್ಷೆ ಬರೆಯಬೇಕಾಗಿದ್ದ ತಿಂಗಳುಗಳನ್ನು ನಾನು ಕೊಡಗಿನ ಬಾಳೆಲೆ ಎಂಬ ಊರಿನ ಕಡೆಯ ಒಂದು ಕಾಫಿ ತೋಟದಲ್ಲಿ ಕಳೆದೆ.

ಅಪ್ಪ ಇನ್ನಾಸಪ್ಪ ಆ ತೋಟದ ರೈಟರ್. ಹಾಜರಿ, ಬಟವಾಡೆ, ಗೊಬ್ಬರ, ಎಲ್ಲ ಅವರ ಕೈಯಲ್ಲಿ. ಹಾಸನದ ಕಡೆಯಿಂದ ಬಂದ ಕನ್ನಡದ ಕ್ರೈಸ್ತರು ನಾವು. ತೋಟದ ಲೈನುಗಳಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಇದ್ದ ಕ್ರೈಸ್ತರೆಲ್ಲ ತಮಿಳು ಸೀಮೆಯಿಂದ ಬಂದವರು. ಪಾದ್ರಿಗಳು ವೀರಾಜಪೇಟೆಯಿಂದ ತಿಂಗಳಿಗೊಮ್ಮೆ ಬಂದು ಪೂಜೆ ಮಾಡಿ ಹೋಗುತ್ತಿದ್ದರು. ಉಳಿದ ಭಾನುವಾರಗಳಲ್ಲಿ ಜಪ ಹೇಳಿಸುವವರು ಅಪ್ಪನೇ. ನಮ್ಮ ಚರ್ಚು ಎಂದರೆ ಹಿಂದೆ ಎಲುಬಿನ ಗೊಬ್ಬರ ತುಂಬಿಡುತ್ತಿದ್ದ ಸ್ಟೋರು. ಸುಣ್ಣ ಬಳಿದು ಎಷ್ಟೋ ವರ್ಷವಾಗಿದ್ದರೂ ತೇವದ ದಿನ ಗೋಡೆ ತನ್ನ ಹಳೆಯ ವಾಸನೆಯನ್ನು ನೆನಪಿಸಿಕೊಳ್ಳುತ್ತಿತ್ತು.

ಪೀಠದ ಮೇಲೆ ಒಂದು ಶಿಲುಬೆ. ಬುಡಮೇಲಾಗಿ ಬಿದ್ದ ಹಳೆಯ ಕಾಫಿ ಗಿಡದ ಕಾಂಡವನ್ನೇ ಸುಲಿದು, ಉಜ್ಜಿ ಮಾಡಿದ್ದು. ಕಾಫಿ ಮರ ಉಜ್ಜಿದರೆ ದಂತದ ಹಾಗೆ ನುಣುಪಾಗುತ್ತದೆ. ಆದರೆ ಕೊಂಬೆ ಇದ್ದ ಹಾಗೆಯೇ ಬಿಟ್ಟಿದ್ದರಿಂದ ಒಂದು ತೋಳು ಗಿಡ್ಡ.

ಆ ಶಿಲುಬೆಯನ್ನು ಕಂಡರೆ ನನ್ನ ಸೋದರತ್ತೆಗೆ ಆಗುತ್ತಿರಲಿಲ್ಲ. ಜಪಮಾಲತ್ತೆ ಅಪ್ಪನ ಅಕ್ಕ. ಅಮ್ಮ ತೀರಿಕೊಂಡ ಮೇಲೆ, ಹಿಂದಿನ ಮಳೆಗಾಲ ಮುಗಿಯುವಾಗ, ನಮ್ಮ ಮನೆ ನೋಡಿಕೊಳ್ಳಲು ಊರಿನಿಂದ ಬಂದವರು. ಗಂಟೆಯಿಲ್ಲದೆಯೂ ಬೋರ್ಡಿಂಗ್ ಶಾಲೆ ನಡೆಸಬಲ್ಲ ಹೆಂಗಸು. ಹಿತ್ತಾಳೆ ಹೊಳೆಯಬೇಕು, ಸೀರೆಯ ನಿರಿಗೆ ನಿಲ್ಲಬೇಕು, ಜಪದಲ್ಲಿ ಕೈ ನೆಟ್ಟಗೆ ಮುಗಿದಿರಬೇಕು. ನನಗೆ ಅವರು ತಕ್ಷಣ ಹಿಡಿಸಿದರು.

ಪಾಸ್ಕ ಹಬ್ಬ, ಅಂದರೆ ಈಸ್ಟರ್, ಮುಗಿದ ಮೇಲೆ ಬಿಷಪ್ ಸ್ವಾಮಿಗಳು ಈ ದಾರಿಯಾಗಿ ಹೋಗುವಾಗ ನಮ್ಮ ಚರ್ಚಿಗೂ ಬಂದು ಊಟ ಮಾಡಿ ಹೋಗುತ್ತಾರೆ ಎಂದು ಹೇಳಿಕೆ ಬಂದಿತ್ತು. ಅಂದಿನಿಂದ ಅತ್ತೆಗೆ ನಿದ್ದೆಯಿಲ್ಲ.

"ಇದೇನೋ ಇನ್ನಾಸಿ, ಯೇಸುಸ್ವಾಮಿ ಒಂದು ಕೈ ಮಡಚ್ಕೊಂಡಂಗಿದೆ! ಬಿಷಪ್ ಸ್ವಾಮಿಗಳು ಬಂದಾಗ ಈ ಕಾಫಿ ಕಡ್ಡಿ ಹಿಡ್ಕೊಂಡು ಎದುರು ಹೋಗೋದಾ?"

"ಇಷ್ಟು ವರ್ಷ ಅದರ ಮುಂದೇನೇ ಅಲ್ವಾ ಅಕ್ಕ ಜಪ ಮಾಡಿದ್ದು?"

"ಮನೇಲಿ ಹರಕಲು ಉಟ್ಕೊಂಡಿರ್ತೀವಿ ಅಂತ ಮದುವೆಗೂ ಅದನ್ನೇ ಉಟ್ಕೊಂಡ್ ಹೋಗ್ತೀಯೇನೋ?"

ಅಪ್ಪ ಹಾಜರಿ ಪುಸ್ತಕ ಎತ್ತಿಕೊಂಡು ತೋಟಕ್ಕೆ ನಡೆದರು. ಹೀಗೆ ಬೆಳ್ಳಿಯ ಶಿಲುಬೆ ಮಾಡಿಸುವುದೆಂದು ತೀರ್ಮಾನವಾಯಿತು. ಗೋಣಿಕೊಪ್ಪಲಿನ ಆಚಾರಿಗೆ ಹೇಳಿಯಾಯಿತು. ಮೇಸ್ತ್ರಿಗಳ ಮನೆಯಿಂದ, ಅಕ್ಕಪಕ್ಕದ ತೋಟಗಳ ರೈಟರುಗಳ ಮನೆಯಿಂದ ಅತ್ತೆ ಕೈಲಾದ್ದನ್ನು ಕೇಳಿದರು. ಒಬ್ಬರು ಮೆಣಸು ಕೊಟ್ಟರು, ಒಬ್ಬರು ಏಲಕ್ಕಿ ಕೊಟ್ಟರು. ಲೈನಿನವರನ್ನು ಮಾತ್ರ ಕೇಳಲಿಲ್ಲ. "ಅವರ ಹತ್ರ ಏನಿದೆ ಪಾಪ," ಎಂದರು.

ಆ ತಿಂಗಳುಗಳು ನನ್ನ ನೆನಪಿನಲ್ಲಿ ಎಚ್ಚರದಲ್ಲಿ ಕಂಡ ಹಾಗೆ ಇಲ್ಲ. ಕೊಯ್ಲು ಮುಗಿದು ತೋಟ ಬರಿದಾಗಿತ್ತು. ಎಲೆಗಳೆಲ್ಲ ಬಾಡಿ ಜೋತು ಬಿದ್ದಿದ್ದವು. ಮಧ್ಯಾಹ್ನ ಮರಗಳ ನೆರಳಿನಲ್ಲಿ ನಡೆದರೆ ನೀರಿನ ತಳದಲ್ಲಿ ನಡೆದ ಹಾಗೆ, ಸದ್ದೆಲ್ಲ ದೂರದಿಂದ ಬರುತ್ತಿತ್ತು. ಎಲ್ಲರೂ ಆಕಾಶ ನೋಡುತ್ತಿದ್ದರು. ಹೂಮಳೆ ಬಂದರೆ ಹೂವು, ಹೂವು ಬಂದರೆ ಮುಂದಿನ ವರ್ಷದ ಫಸಲು. ಲೈನುಗಳಲ್ಲಿ ಕೆಲಸ ಕಡಿಮೆಯಾಗಿತ್ತು. ರೇಷನ್ ಅಕ್ಕಿ ಒಂದು ವಾರ ಬಂದರೆ ಒಂದು ವಾರ ಇಲ್ಲ. ಸಂಜೆ ಆ ಕಡೆಯಿಂದ ಬರುವುದು ಮರಗೆಣಸು ಬೇಯುವ ವಾಸನೆಯೇ.

ಪಾಸ್ಕದ ಹಿಂದಿನ ವಾರ, ಗರಿಗಳ ಭಾನುವಾರ, ಅಪ್ಪ ಗರಿ ತರಲು ವೀರಾಜಪೇಟೆಗೆ ಹೋಗಿದ್ದರು. ಹಿಂದಿನ ರಾತ್ರಿ ಮಳೆ ಸುರಿದಿತ್ತು. ಬೆಳಿಗ್ಗೆ ನಾನೂ ಅತ್ತೆಯೂ ಚರ್ಚು ಗುಡಿಸುತ್ತಿದ್ದಾಗ ಲೈನಿನ ಹೆಂಗಸರು ತಲೆಯ ಮೇಲೆ ಮಡಕೆ ಹೊತ್ತು ಸಾಲಾಗಿ ಬಂದರು. ಮುಂದೆ ಆರೋಕ್ಯ ಪಾಟಿ. ಪಾಟಿ ಎಂದರೆ ತಮಿಳಿನಲ್ಲಿ ಅಜ್ಜಿ. ಲೈನುಗಳಲ್ಲೇ ಹಿರಿಯಳು, ಸಣ್ಣಗಿನ ಆಳು, ಕಿವಿಯ ತೂತು ಹೆಗಲಿನವರೆಗೆ ಇಳಿಬಿದ್ದಿತ್ತು. ಮಡಕೆಗಳಲ್ಲಿ ಅಕ್ಕಿ. ಪಾಸ್ಕಕ್ಕೆ ಮುಂಚಿನ ನಲವತ್ತು ದಿನಗಳ ತಪಸ್ಸಿನ ಕಾಲದಲ್ಲಿ ಅವರು ಪ್ರತಿ ಸಲ ಅನ್ನಕ್ಕಿಡುವಾಗ ಒಂದು ಹಿಡಿ ತೆಗೆದು ಒಲೆಯ ಪಕ್ಕದ ಮಡಕೆಗೆ ಹಾಕುತ್ತಿದ್ದರು. ಹಾಗೆ ಉಳಿದ ಅಕ್ಕಿ.

"ಏನೇ ಇದು ಆರೋಕ್ಯ, ಇಷ್ಟೊಂದು?"

"ಹಿಡಿ ಅರಿಸಿ ಅಮ್ಮಾ. ಎಲ್ಲಾ ಮನೇನೂ ಕೊಟ್ಟಿರುಕ್ಕು. ಪೆರಿಯ ವೆಳ್ಳಿಕ್ಕು."

"ಬೆಳ್ಳಿಗಾ?"

"ಆಮಾ ಅಮ್ಮಾ. ಪೆರಿಯ ವೆಳ್ಳಿಕ್ಕು."

ಅತ್ತೆಯ ಕೈಯಿಂದ ಪೊರಕೆ ಜಾರಿತು. "ದೊಡ್ಡ ಬೆಳ್ಳಿಗೆ! ನಾನು ನಿಮ್ಮನ್ನ ಕೇಳ್ಲೇ ಇಲ್ವಲ್ಲೇ!"

"ಕೇಳ್ಬೇಕಾ ಅಮ್ಮಾ? ಸಾಮಿಕ್ಕು ತಾನೇ."

ಅತ್ತೆಯ ಕಣ್ಣಲ್ಲಿ ನೀರು ಬಂತು. ರೈಟರ್ ಮನೆಯ ಅಮ್ಮ ಅಳುವುದನ್ನು ನೋಡಿ ಪಾಟಿಯ ಕಣ್ಣಲ್ಲೂ ಬಂತು. ಅತ್ತೆ ಅವಳ ಕೈ ಹಿಡಿದು ಮನೆಗೆ ಕರೆತಂದು ಜಗಲಿಯ ಮೇಲೆ ಕೂರಿಸಿ ಬೆಲ್ಲದ ಕಾಫಿ ಕೊಟ್ಟರು. ಇಬ್ಬರೂ ಆಕಾಶ ತೋರಿಸಿಕೊಂಡು, ಮಳೆಯ ಬಗ್ಗೆ, ದೇವರ ಬಗ್ಗೆ, ಒಬ್ಬರು ಕನ್ನಡದಲ್ಲಿ ಒಬ್ಬರು ತಮಿಳಿನಲ್ಲಿ ಬಹಳ ಹೊತ್ತು ಮಾತಾಡಿದರು. ತಮಿಳು ಬಾರದ ನನಗೆ ಅದು ಎರಡು ಹಕ್ಕಿಗಳು ಕೂತು ಹರಟಿದ ಹಾಗೆ ಕೇಳುತ್ತಿತ್ತು. ಅಷ್ಟು ಸಂತೋಷವಾಗಿದ್ದ ಅತ್ತೆಯನ್ನು ನಾನು ಅದೇ ಮೊದಲು ನೋಡಿದ್ದು.

ಮರುದಿನವೇ ಅಕ್ಕಿ ತೋಟದ ಗಾಡಿಯಲ್ಲಿ ಗೋಣಿಕೊಪ್ಪಲಿಗೆ, ಆಚಾರಿಯ ಬಳಿಗೆ ಹೋಯಿತು. ಅಪ್ಪನಿಗೆ ಹೇಳಲಿಲ್ಲ. "ಲೈನಿನವರೂ ಸೇರಿದ್ದಾರೆ ಅಂತ ಹಬ್ಬದ ದಿನವೇ ಗೊತ್ತಾಗ್ಲಿ ಅವನಿಗೆ," ಎಂದು ಅತ್ತೆ ನನ್ನ ಬಾಯಿಯ ಮೇಲೆ ಬೆರಳಿಟ್ಟರು. ಗುರುವಾರ ಸಂಜೆ ಆಚಾರಿಯ ಆಳು ಕೆಂಪು ಕಾಗದದಲ್ಲಿ ಸುತ್ತಿದ ಶಿಲುಬೆಯನ್ನು ತಂದುಕೊಟ್ಟ. ಅತ್ತೆ ಕಾಗದ ಬಿಚ್ಚಿ ದೀಪದ ಹತ್ತಿರ ಹಿಡಿದರು. ಎರಡು ತೋಳೂ ಸಮ. ಗೋಡೆಯ ಮೇಲೆಲ್ಲ ಬೆಳಕು ಹರಿಯಿತು. ಸುಳ್ಳು ಹೇಳಬಾರದು, ನನ್ನ ಮೈ ಜುಮ್ಮೆಂದಿತು.

ಶುಕ್ರವಾರ ಎದ್ದು ಬಾಗಿಲು ತೆಗೆದರೆ ತೋಟ ಇರಲಿಲ್ಲ. ರಾತ್ರಿಯೊಳಗೆ ಯಾರೋ ಅದನ್ನು ಬದಲಾಯಿಸಿದ್ದರು. ಪ್ರತಿ ರೆಂಬೆಯ ಮೇಲೂ ಹೂವಿನ ಬಿಳಿ, ಅದರ ಮೇಲೆ ಮಂಜಿನ ಬಿಳಿ. ಮಲ್ಲಿಗೆಯಂತೆಯೂ ಅಲ್ಲ, ಜೇನಿನಂತೆಯೂ ಅಲ್ಲ, ಆ ವಾಸನೆಯೊಳಗೆ ನಿಂತರೆ ಕಾಲು ಎತ್ತಿಡಲು ಮನಸ್ಸಾಗುವುದಿಲ್ಲ. ಅಂದು ಕೆಲಸಕ್ಕೆ ರಜೆ. ಹಾಜರಿಗೆ ಬಾರಿಸುವ ಕಬ್ಬಿಣದ ಸದ್ದೂ ಇರಲಿಲ್ಲ. ಮಂಜಿನೊಳಗಿಂದ ಆರೋಕ್ಯ ಪಾಟಿ ಬಂದಳು. ಹಿಂದೆ ಇಬ್ಬರು ಹೆಂಗಸರು ದೊಡ್ಡ ತಾಮ್ರದ ಹಂಡೆಯನ್ನು ಕೋಲಿಗೆ ಕಟ್ಟಿ ಹೊತ್ತಿದ್ದರು.

"ಅರಿಸಿ ಎಡುಕ್ಕ ಬಂದೆ ಅಮ್ಮಾ."

ಅತ್ತೆ ನಕ್ಕರು. "ಯಾವ ಅಕ್ಕಿ? ನೀವು ಕೊಟ್ಟಿದ್ದಾ? ಅದು ಬೆಳ್ಳಿಗೆ ಹೋಯ್ತಲ್ಲ!"

"ವೆಳ್ಳಿ ಇವತ್ತು ತಾನೇ ಅಮ್ಮಾ!"

"ಇವತ್ತಲ್ವೇ, ನಿನ್ನೇನೇ ಬಂತು!"

ಪಾಟಿ ಹಿಂದಿರುಗಿ ಉಳಿದಿಬ್ಬರ ಮುಖ ನೋಡಿದಳು. ನಿನ್ನೆ ವ್ಯಾಳನ್, ಗುರುವಾರ ಅಲ್ಲವೇ ಎಂದು ಅವರಲ್ಲೇ ಗುಸುಗುಸು. ಅಷ್ಟರಲ್ಲಿ ಮುಖ ಒರೆಸಿಕೊಳ್ಳುತ್ತ ಅಪ್ಪ ಹೊರಗೆ ಬಂದರು. ಹಂಡೆಯನ್ನು ನೋಡಿದರು, ಪಾಟಿಯನ್ನು ನೋಡಿದರು, ಅಕ್ಕನನ್ನು ನೋಡಿದರು. ಜಗಲಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

"ಅಕ್ಕ, ಇವರ ಅಕ್ಕೀನ ಏನ್ ಮಾಡ್ದೆ?"

"ಶಿಲುಬೆಗೆ ಹಾಕ್ದೆ ಕಣೋ. ಅವಳೇ ಹೇಳಿದ್ಳು, ದೊಡ್ಡ ಬೆಳ್ಳಿಗೆ ಅಂತ."

"ವೆಳ್ಳಿ ಅಂದ್ರೆ ತಮಿಳಲ್ಲಿ ಶುಕ್ರವಾರಾನೂ ಹೌದು ಅಕ್ಕ. ಪೆರಿಯ ವೆಳ್ಳಿ ಅಂದ್ರೆ ಇವತ್ತು. ಶುಭ ಶುಕ್ರವಾರ. ಆ ಅಕ್ಕಿ ಇವತ್ತಿನ ಗಂಜಿಗೆ."

ಅಪ್ಪ ಉಳಿದದ್ದನ್ನೂ ಹೇಳಿದರು. ಬರಗಾಲದ ಒಂದು ವರ್ಷ ಆರೋಕ್ಯ ಎರಡು ಮಕ್ಕಳನ್ನು ಕಟ್ಟಿಕೊಂಡು ತಮಿಳು ಸೀಮೆಯಿಂದ ನಡೆದೇ ಬಂದವಳು. ಚಿಕ್ಕದು ದಾರಿಯಲ್ಲೇ ಹೋಯಿತು. ದೊಡ್ಡದು ಉಳಿದದ್ದು ಒಂದು ಚರ್ಚಿನ ಬಾಗಿಲಲ್ಲಿ ಯಾರೋ ಸುರಿದ ಗಂಜಿಯಿಂದ, ಇದೇ ಶುಕ್ರವಾರದಂದು. ಅವತ್ತು ಹೊತ್ತ ಹರಕೆ: ತಾನಿರುವವರೆಗೆ ಈ ದಿನ ಲೈನುಗಳಲ್ಲಿ ಯಾರೂ ಹಸಿದು ಮಲಗಬಾರದು. ಯಾರು, ಯಾವ ಜಾತಿ ಎಂದು ಕೇಳುವುದಿಲ್ಲ. ಮೂರು ಗಂಟೆಯ ಜಪ ಮುಗಿದ ಮೇಲೆ ಆಚೆಯ ಕಾಡಿನ ಹಾಡಿಯಿಂದ ಬುಡಕಟ್ಟಿನ ಯರವರೂ ಬರುತ್ತಾರೆ.

"ಒಂದು ವರ್ಷವೂ ತಪ್ಪಿಲ್ಲ," ಎಂದರು ಅಪ್ಪ.

ರೇಷನ್ ಬಂದಿರಲಿಲ್ಲ. ಗೋಣಿಕೊಪ್ಪಲು ದೂರ, ಅಲ್ಲಿ ಅಂಗಡಿಯಲ್ಲಿ ಅಕ್ಕಿ ಸಿಗುವ ಭರವಸೆಯೂ ಇಲ್ಲ. ಪಾಟಿಗೆ ಎಲ್ಲ ಅರ್ಥವಾಗಿತ್ತು. ಅವಳು ಸಿಟ್ಟು ಮಾಡಲಿಲ್ಲ. ಶಿಲುಬೆ ತೋರಿಸಿ ಎಂದಳು. ನಾನೇ ತಂದೆ. ಸೆರಗಿನಲ್ಲಿ ಕೈ ಒರೆಸಿಕೊಂಡು ಮುಟ್ಟಿ, ಬೆರಳನ್ನು ಕಣ್ಣಿಗೊತ್ತಿಕೊಂಡಳು.

"ಅಳಗಾ ಇರುಕ್ಕು, ಚೆಂದ ಇದೆ. ಸಾಮಿಕ್ಕು ಬೆಳ್ಳಿ ಬೇಡ್ವಾ? ಇರ್ಲಿ ಅಮ್ಮಾ. ಇವತ್ತು ಮರಗೆಣಸು ಬೇಯಿಸಿ ಕೊಡ್ತೀನಿ."

ಹಾಗೆಂದಳು, ಆದರೆ ಹಂಡೆಯನ್ನು ಹಿಂದಕ್ಕೆ ಒಯ್ಯಲು ಅವಳ ಕೈ ಮುಂದಾಗಲಿಲ್ಲ. ಖಾಲಿ ಹಂಡೆಯ ಬಾಯಿ ಸವರುತ್ತ ನಿಂತಿದ್ದಳು. ಮಂಜಿನ ಆಚೆ ಲೈನಿನ ಮಕ್ಕಳ ಸದ್ದು ಕೇಳುತ್ತಿತ್ತು. ಗಂಜಿಗೆ ತೆಂಗಿನಕಾಯಿ ಹಾಕುತ್ತಾರೋ ಇಲ್ಲವೋ ಎಂದು ಜಗಳ ನಡೆದಿತ್ತು.

ಅತ್ತೆ ಒಳಗೆ ಹೋದರು. ಅವರ ಹಾಸಿಗೆಯ ಕೋಣೆಯಲ್ಲಿ ಒಂದು ಚೀಲವಿತ್ತು. ಊರಿನ ರಾಜಮುಡಿ ಅಕ್ಕಿ. ಹಳೆಯದು, ಬೆಂದರೆ ಮನೆಯೆಲ್ಲ ಘಮ್ಮೆನ್ನುವಂಥದು. ಅದನ್ನು ಹಾಸಿಗೆಯ ಸುರುಳಿಯೊಳಗೆ ಸುತ್ತಿ, ಗೇಟಿನ ಪೊಲೀಸಿನವರ ಮುಂದೆ ಅದರ ಮೇಲೆಯೇ ಕೂತು, ಜಪಮಾಲೆ ತಿರುಗಿಸುತ್ತ ದಾಟಿಸಿದ್ದರು. ಆಮೇಲೆ ಬಿಷಪ್ ಸ್ವಾಮಿಗಳು ಬರುವ ಸುದ್ದಿ ತಿಳಿದು ಅವರ ಊಟಕ್ಕೆಂದು ಎತ್ತಿಟ್ಟಿದ್ದರು. ನಮಗೆ ಒಂದು ತುತ್ತೂ ಹಾಕಿರಲಿಲ್ಲ. ಆ ಚೀಲವನ್ನು ಎಳೆದುಕೊಂಡೇ ಜಗಲಿಗೆ ತಂದರು.

"ಅಕ್ಕ, ಇದು ಬಿಷಪ್..." ಎಂದರು ಅಪ್ಪ.

"ಬಿಷಪ್ ಸ್ವಾಮಿಗಳಿಗೆ ಹೊಟ್ಟೆ ಒಂದೇ ಕಣೋ. ಇಲ್ಲಿ ನೋಡು ಎಷ್ಟಿವೆ. ಚೀಲ ಹಿಡಿ."

ಚರ್ಚಿನ ಅಂಗಳದಲ್ಲಿ ಎರಡು ಒಲೆ ಹೂಡಿದರು. ಪಾಟಿಯ ಹಂಡೆ ಒಂದು, ನಮ್ಮ ಮನೆಯ ಸ್ನಾನದ ಹಂಡೆಯನ್ನು ಹುಣಸೆ ಹಚ್ಚಿ ಉಜ್ಜಿ ತಂದದ್ದು ಇನ್ನೊಂದು. ಹೆಸರುಕಾಳು ಲೈನಿನಿಂದ ಬಂತು, ತೆಂಗಿನಕಾಯಿ ಮೇಸ್ತ್ರಿಯ ಮನೆಯಿಂದ. ನಮ್ಮ ಹಂಡೆಗೆ ಅತ್ತೆಯೇ ನಿಂತರು. ನಿರಿಗೆ ಎತ್ತಿ ಸಿಕ್ಕಿಸಿ ಸೌಟು ಹಿಡಿದ ಅತ್ತೆಯನ್ನು ನೋಡಿ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಹೂವಿನ ಮೇಲೆ ಜೇನುಹುಳಗಳ ಗುಂಯ್‌ಗುಡುವಿಕೆ ಎಷ್ಟು ಒಂದೇ ಸಮನೆ ಇತ್ತೆಂದರೆ, ಮಂಜು ಕರಗಿದ ಮೇಲೆ ಬಿಸಿಲೇ ಸದ್ದು ಮಾಡುತ್ತಿದೆ ಅನ್ನಿಸುತ್ತಿತ್ತು. ರಾಜಮುಡಿಯ ಘಮವೂ ಹೂವಿನ ಘಮವೂ ಬೆರೆತು ಯಾವುದು ಯಾವುದೆಂದು ತಿಳಿಯಲಿಲ್ಲ.

ಮೂರು ಗಂಟೆಯಾಯಿತು. ಅತ್ತೆ ಅತ್ತೆಯೇ.

"ಸ್ವಾಮಿ ಪ್ರಾಣ ಬಿಟ್ಟ ಹೊತ್ತು. ಎಲ್ಲ ಸೌಟು ಕೆಳಗಿಡಿ. ಮೊಣಕಾಲೂರಿ. ಲೂರ್ದು, ಬೆನ್ನು ನೆಟ್ಟಗೆ!"

ಬೆನ್ನು ನೆಟ್ಟಗೆ ಮಾಡಿಕೊಂಡು ನಾನೂ ಊರಿದೆ, ಎಲ್ಲರೂ ಊರಿದರು. ಅಪ್ಪ ಜಪ ಶುರುಮಾಡಿದರು. ಅತ್ತೆ ಕಣ್ಣು ಮುಚ್ಚಿ, ಕೈ ನೆಟ್ಟಗೆ ಮುಗಿದು, ಚಿತ್ರದಲ್ಲಿ ಬರೆದ ಸಂತಳ ಹಾಗೆ ಇದ್ದರು. ನಾನು ಓರೆಗಣ್ಣಿನಲ್ಲಿ ನೋಡಿದೆ. ಆರೋಕ್ಯ ಪಾಟಿಯೂ ಮೊಣಕಾಲೂರಿದ್ದಳು, ತುಟಿ ಜಪ ಹೇಳುತ್ತಿತ್ತು, ಕೈ ಮಾತ್ರ ಎತ್ತರದಲ್ಲಿ ಸೌಟು ಹಿಡಿದು ಹಂಡೆಯನ್ನು ತಿರುವುತ್ತಲೇ ಇತ್ತು. ಜಪ ಅರ್ಧವಾಗುವಾಗ ನಮ್ಮ ಹಂಡೆಯಿಂದ ವಾಸನೆ ಬಂತು. ಅತ್ತೆಯ ಮೂಗು ಅರಳಿತು, ಕಣ್ಣು ತೆರೆಯಿತು. ಎದ್ದು ಓಡುವಷ್ಟರಲ್ಲಿ ತಳ ಕಪ್ಪಾಗಿತ್ತು.

ಎಲ್ಲರ ಕತ್ತೂ ಹಂಡೆಯ ಕಡೆ ತಿರುಗಿತು.

"ಬಿಷಪ್ ಅರಿಸಿ ಅಮ್ಮಾ," ಎಂದಳು ಪಾಟಿ ಮೊಣಕಾಲಿನಿಂದ ಏಳದೆಯೇ, "ಅದ್ಕೇ ಧೂಪ ಹಾಕ್ಕೊಂಡ್ತು."

ಅಪ್ಪನಿಗೆ ಜಪದ ನಡುವೆ ನಗು ಬಂತು. ಅತ್ತೆ ಸೌಟು ಹಿಡಿದವರು ಹಾಗೆಯೇ ನಿಂತು ನಕ್ಕರು, ನಗುನಗುತ್ತಲೇ ಅತ್ತರು. ಸೀದ ಗಂಜಿಯನ್ನು ಮನೆಯವರಿಗೆ ಎತ್ತಿಟ್ಟು ಚೆನ್ನಾಗಿದ್ದುದನ್ನೇ ಲೈನಿನವರಿಗೆ ಬಡಿಸಬೇಕೆಂದು ಅವರ ಲೆಕ್ಕ. ಮಕ್ಕಳು ಬಿಡಲಿಲ್ಲ. ರೈಟರ್ ಮನೆಯ ಗಂಜಿಗೆ ಹೊಗೆಯ ರುಚಿಯಿದೆಯಂತೆ ಎಂದು ಅದಕ್ಕೇ ಸಾಲು ಹಿಡಿದರು. ಹಾಡಿಯ ಯರವರು ಬಾಳೆ ಎಲೆಯ ದೊನ್ನೆ ಹಿಡಿದು ಬಂದರು. ಅಂಗಳದಲ್ಲಿ, ಹೂವಿನ ನಡುವೆ, ಎಲ್ಲರೂ ಊದಿ ಊದಿ ಕುಡಿಯುವ ಸದ್ದು. ಎಲ್ಲರಿಗೂ ಆದ ಮೇಲೆ ಪಾಟಿ ಹಂಡೆಯ ತಳ ಕೆರೆದು ಅತ್ತೆಗೆ ಒಂದು ತೆಂಗಿನ ಚಿಪ್ಪು ಗಂಜಿ ಕೊಟ್ಟು, ತಾನೊಂದು ಹಿಡಿದು, ಪಕ್ಕದಲ್ಲಿ ಕೂತಳು.

ಸಂಜೆ ಶಿಲುಬೆ ಹಾದಿಯ ಮೆರವಣಿಗೆಗೆ ಹೊರಡುವ ಮೊದಲು ಅತ್ತೆ ಕೆಂಪು ಕಾಗದದ ಪೊಟ್ಟಣವನ್ನು ಅಪ್ಪನ ಕೈಗಿಟ್ಟರು.

"ಆಚಾರಿಗೆ ವಾಪಸ್ ಕೊಡು. ಬದಲಿಗೆ ಅಕ್ಕಿ ಕೊಡ್ಲಿ. ಒಟ್ಟಿಗೆ ಆಗ್ದಿದ್ರೆ ಮಳೆಗಾಲ ಪೂರ್ತಿ ಕೊಡ್ತಾ ಬರ್ಲಿ."

ಎಲ್ಲರಿಗಿಂತ ಮೊದಲು ಬೇಡವೆಂದವಳು ಆರೋಕ್ಯ ಪಾಟಿ. "ಸಾಮಿಕ್ಕು ಕೊಟ್ಟಿದ್ದು ಅಮ್ಮಾ! ವಾಪಸ್ ತಗೊಂಡ್ರೆ ಪಾಪ!" ಮೆಣಸು ಕೊಟ್ಟ ರೈಟರೂ ಮುಖ ಗಂಟಿಕ್ಕಿದರು. ಬಿಷಪ್ ಸ್ವಾಮಿಗಳ ಮುಂದೆ ಯಾವ ಮುಖ ಹೊತ್ತು ನಿಲ್ಲುವುದು ಎಂದರು. ಕೆಲವು ವಾರಗಳ ಹಿಂದೆ ಅತ್ತೆಯೇ ಆಡಿದ್ದಂಥ ಮಾತು.

"ಇದಕ್ಕಿನ್ನೂ ಆಶೀರ್ವಾದ ಆಗಿಲ್ಲ," ಎಂದರು ಅತ್ತೆ. "ಆದ್ಮೇಲೆ ಅದು ದೇವರದು, ಮುಟ್ಟೋ ಹಾಗಿಲ್ಲ. ಇವತ್ತು ಇನ್ನೂ ಅದು ಅಕ್ಕೀನೇ."

ಆಮೇಲೆ ತಾವೇ ಒಳಗೆ ಹೋಗಿ, ಪೀಠದ ಮೇಲಿನ ಕಾಫಿ ಮರದ ಶಿಲುಬೆಯನ್ನು ಎತ್ತಿ ತಂದು, ಪಾಟಿಯ ಕೈಗೆ ಕೊಟ್ಟರು. ಮುಂದೆ ಅವಳು, ಹಿಂದೆ ನಾವು. ಗಿಡಗಳ ನಡುವಿನ ದಾರಿಯಲ್ಲಿ ಇಕ್ಕೆಲದ ಹೂವು ಭುಜಕ್ಕೆ ತಾಗುತ್ತಿತ್ತು. ಕತ್ತಲಾಗುವ ಮೊದಲೇ ಚಂದ್ರ ಬಂದ. ಆ ಶುಕ್ರವಾರಕ್ಕೆ ಚಂದ್ರ ಎಂದೂ ಹುಣ್ಣಿಮೆಯ ಹತ್ತಿರವೇ. ಇಳಿಜಾರಿನ ತೋಟವಿಡೀ ಬೆಳಗಿತು. ಮೇಲಿನ ತಿರುವಿನಲ್ಲಿ ಪಾಟಿ ನಿಂತು, ಗಿಡ್ಡ ತೋಳಿನ ಶಿಲುಬೆಯನ್ನು ಹೆಗಲಿಗೆ ಒರಗಿಸಿಕೊಂಡು, ಕೆಳಗೆ ಕೈ ತೋರಿಸಿದಳು.

"ಪೆರಿಯ ವೆಳ್ಳಿ ಅಮ್ಮಾ."

"ಹೂಂ ಕಣೇ," ಎಂದರು ಅತ್ತೆ.

ಬಿಷಪ್ ಸ್ವಾಮಿಗಳು ಬಂದರು, ಅದೇ ಶಿಲುಬೆಯ ಹಿಂದೆ ನಡೆದರು, ಒರಟು ಕೆಂಪಕ್ಕಿಯ ಅನ್ನಕ್ಕೆ ಎರಡು ಸಲ ಸಾರು ಹಾಕಿಸಿಕೊಂಡರು. ಆ ಎರಡು ಸಲವನ್ನು ಅತ್ತೆ ಬಹಳ ವರ್ಷ ಹೇಳುತ್ತಿದ್ದರು. ಆಚಾರಿ ಒಂದಿಷ್ಟು ಗೊಣಗಿ ಅಕ್ಕಿ ಕೊಟ್ಟ. ಆಷಾಢದ ಬಿಡದ ಮಳೆಯಲ್ಲಿ, ಗೊಬ್ಬರದ ವಾಸನೆಯ ಆ ಚರ್ಚಿನಿಂದ, ಅದು ಲೈನಿನ ಒಲೆಗಳಿಗೆ ಸ್ವಲ್ಪ ಸ್ವಲ್ಪವಾಗಿ ಹೋಯಿತಂತೆ. ನಾನು ನೋಡಲಿಲ್ಲ. ಶಾಲೆಯ ಗಂಟೆ ಅಷ್ಟರಲ್ಲಿ ನನ್ನನ್ನು ವಾಪಸ್ ಕರೆಸಿಕೊಂಡಿತ್ತು.

ಅಪ್ಪ ಹೋದ ಮೇಲೆ ಅತ್ತೆ ಕೊನೆಯವರೆಗೂ ಮೈಸೂರಿನಲ್ಲಿ ನನ್ನ ಜೊತೆಯೇ ಇದ್ದರು. ಬಹಳ ವಯಸ್ಸಾದಾಗ ಹೆಸರುಗಳು ಮರೆಯತೊಡಗಿದವು, ದಿನಗಳು ಕಲಸಿಹೋದವು. ನಾನು ಕೆಲಸಕ್ಕೆ ಹೊರಡುವ ಹೊತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ಕೂತು ಕೇಳುತ್ತಿದ್ದರು.

"ಇವತ್ತೇನು ವಾರ ಲೂರ್ದು?"

"ಗುರುವಾರ ಅತ್ತೆ."

"ಹಾಗಾದ್ರೆ ನಾಳೆ ಬೆಳ್ಳಿ," ಎನ್ನುತ್ತಿದ್ದರು. "ಅಕ್ಕಿ ಮರೀಬೇಡ. ಒಂದು ಹಿಡಿ ತೆಗೆದಿಡು."